ಲಿಕ್ಟನ್‌ಸ್ಟೈನಿಗೆ ಹೋಗುವವರ ಗಮನಕ್ಕೆ

ಯಾವುದನ್ನೂ ಪೂರ್ತಿಯಾಗಿ ನೋಡಿಲ್ಲ ಎಂಬ ಕೊರಗು ಮನುಷ್ಯನಿಗೆ ನಲವತ್ತೈದು ದಾಟಿದ ಮೇಲೆ ಶುರುವಾಗುತ್ತದೆಂದು ಕಾಣುತ್ತದೆ. ನನಗಂತೂ ಶುರುವಾಯಿತು. ಹುಟ್ಟಿ ಬೆಳೆದ ಮೈಸೂರಿನಲ್ಲೇ ನಾನು ಕಾಲಿಡದ ಬಡಾವಣೆಗಳಿವೆ. ಅಟ್ಲಾಂಟಾದ ಪಕ್ಕದ ಡುಲುತ್‌ನಲ್ಲಿ ಮನೆ ಮಾಡಿ ಇಷ್ಟು ವರ್ಷವಾದರೂ ಮನೆ, ಆಫೀಸು, ಇಂಡಿಯನ್ ಸ್ಟೋರು, ಮಗಳ ಸ್ಕೂಲು ಇವುಗಳ ನಡುವಿನ ರಸ್ತೆಗಳನ್ನು ಬಿಟ್ಟರೆ ಉಳಿದ ಊರೆಲ್ಲ ನನಗೆ ಕಾರಿನ ಕಿಟಕಿಯಲ್ಲಿ ಹಿಂದೆ ಸರಿಯುವ ಮರಗಳಷ್ಟೇ. ನನ್ನ ಕೆಲಸವೋ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬರೆದದ್ದರ ಮೂಲೆಮೂಲೆಗೂ ಕೈಹಾಕಿ ನೋಡಿ, ಎಲ್ಲ ಆಯಿತು, ಇನ್ನು ನೋಡಲು ಏನೂ ಉಳಿದಿಲ್ಲ ಎಂದು ಹೇಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಇಂಥವನು ಫ್ರಾನ್ಸು, ಇಟಲಿ ಎಂದು ಪ್ರವಾಸ ಹೊರಡುವುದು ತನಗೆ ತಾನೇ ಕೊಟ್ಟುಕೊಳ್ಳುವ ಹಿಂಸೆ. ವಾರವಿಡೀ ಅಲೆದರೂ ನೋಡದೆ ಬಿಟ್ಟದ್ದೇ ಹೆಚ್ಚಾಗಿರುತ್ತದೆ. ಅದಕ್ಕೇ ನಾನು ಒಂದು ದಿನದಲ್ಲಿ ನೋಡಿ ಮುಗಿಸಬಹುದಾದ ದೇಶವನ್ನು ಹುಡುಕಿದೆ. ಸಿಕ್ಕಿದ್ದು ಲಿಕ್ಟನ್‌ಸ್ಟೈನ್.

ಆ ದೇಶಕ್ಕೆ ಹೋಗಬೇಕೆಂದಿರುವ ಕನ್ನಡಿಗರು ಈಗ ನನಗೆ ಫೋನ್ ಮಾಡುತ್ತಾರೆ. ಷಾರ್ಲಟ್‌ನಿಂದ ಮಾಡಿದ್ದಾರೆ, ವಾಷಿಂಗ್ಟನ್‌ನಿಂದ ಮಾಡಿದ್ದಾರೆ. ನಾನು ತಡವರಿಸದೆ ಹೇಳುತ್ತೇನೆ. ಸ್ವಿಟ್ಜರ್ಲೆಂಡಿಗೂ ಆಸ್ಟ್ರಿಯಾಕ್ಕೂ ನಡುವೆ, ಬೆಟ್ಟದ ಬುಡದಲ್ಲಿ ರೈನ್ ನದಿಯ ದಡಕ್ಕೆ ಒತ್ತಿಕೊಂಡು ಕೂತಿರುವ ದೇಶ ಅದು. ನಾವಿರುವ ಗ್ವಿನೆಟ್ ಕೌಂಟಿಯೊಳಗೆ ಅಂಥ ಆರು ದೇಶಗಳನ್ನು ಜೋಡಿಸಿಟ್ಟರೂ ಕಾರು ನಿಲ್ಲಿಸಲು ಜಾಗ ಮಿಗುತ್ತದೆ. ವಿಮಾನ ನಿಲ್ದಾಣವಿಲ್ಲ, ಸೈನ್ಯವಿಲ್ಲ. ರಾಜನಿದ್ದಾನೆ. ಅವನ ಕೋಟೆ ರಾಜಧಾನಿ ವಾಡುಟ್ಸ್‌ನ ತಲೆಯ ಮೇಲೇ ಇದೆ, ಆದರೆ ಒಳಗೆ ಬಿಡುವುದಿಲ್ಲ. ಸಂಸಾರ ಇರುವ ಮನೆ, ಬಿಡುವುದಾದರೂ ಹೇಗೆ? ಅವರ ರಾಷ್ಟ್ರೀಯ ದಿನವೂ ಆಗಸ್ಟ್ ಹದಿನೈದೇ ಎಂದಾಗ ಎಲ್ಲರಿಗೂ ಸಂತೋಷವಾಗುತ್ತದೆ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಹಿಟ್ಟಿನ ಪುಟ್ಟ ಉಂಡೆಗಳನ್ನು ಬೇಯಿಸಿ ಚೀಸ್ ಕಲಸಿ ಮೇಲೆ ಹುರಿದ ಈರುಳ್ಳಿ ಹಾಕಿಕೊಡುತ್ತಾರೆ, ಉಪ್ಪಿನಕಾಯಿ ಇದ್ದರೆ ಚೆನ್ನಾಗಿ ಸೇರುತ್ತದೆ. ಇಷ್ಟನ್ನೂ ನಾನು ಒಂದೇ ಉಸಿರಿಗೆ ಹೇಳಬಲ್ಲೆ. ಆಮೇಲೆ ಅವರು, "ಅಲ್ಲಿ ಪಾಸ್‌ಪೋರ್ಟಿಗೆ ಸ್ಟಾಂಪ್ ಹಾಕ್ತಾರಂತಲ್ಲ ಸರ್, ಹಾಕಿಸ್ಕೋಬಹುದಾ?" ಎಂದು ಕೇಳುತ್ತಾರೆ. ಅಲ್ಲಿ ಮಾತ್ರ ನನ್ನ ಮಾತು ನಿಧಾನವಾಗುತ್ತದೆ. ನೀರು ಕುಡಿದು, ಆದದ್ದನ್ನು ಆದ ಹಾಗೇ, ಮೊದಲಿನಿಂದ ಹೇಳುತ್ತೇನೆ.

ಹೊರಗಿನವರಿಗೆ ಇದು ಅರ್ಥವಾಗಬೇಕಾದರೆ ಒಂದು ಮಾತು ತಿಳಿದಿರಬೇಕು. ಕೆಲಸದ ವೀಸಾದ ಮೇಲೆ ಇಲ್ಲಿರುವ ನಮ್ಮಂಥವರಿಗೆ ಅಮೆರಿಕ ಬಿಟ್ಟು ಹೋಗುವುದು ಕಷ್ಟವಲ್ಲ, ವಾಪಸು ಬರುವುದು ಕಷ್ಟ. ಇಲ್ಲಿ ಇರಲು ಒಂದು ಕಾಗದ, ಒಳಗೆ ಬರಲು ಪಾಸ್‌ಪೋರ್ಟಿನಲ್ಲಿ ಬೇರೆಯೇ ಒಂದು ಮುದ್ರೆ. ಅದನ್ನು ಹಾಕಿಸಿಕೊಳ್ಳುವುದಕ್ಕೆ ನಾವು 'ಸ್ಟಾಂಪಿಂಗ್' ಎನ್ನುತ್ತೇವೆ. ಆ ಪದವನ್ನು ನಾವು ಉಚ್ಚರಿಸುವ ರೀತಿಯಲ್ಲೇ, ಆಪರೇಷನ್ ಎಂಬ ಪದವನ್ನು ಉಚ್ಚರಿಸುವಾಗ ಬರುವ ಒಂದು ಗಾಂಭೀರ್ಯವಿದೆ. ಮದುವೆಗೆಂದು ಊರಿಗೆ ಹೋಗಿ ಸ್ಟಾಂಪಿಂಗ್ ಸಿಗದೆ ಅಲ್ಲೇ ತಿಂಗಳುಗಟ್ಟಲೆ ಕೂತವರನ್ನು ನಾನು ಬಲ್ಲೆ. ಡುಲುತ್‌ನಲ್ಲಿ ಅವರ ಮನೆಯ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ನಾವು ಹಿಂದಿನ ಸಲ ಬೆಂಗಳೂರಿಗೆ ಹೋದಾಗ ನನಗೂ ಹೆಂಡತಿ ಸುಮಾಳಿಗೂ ಸ್ಟಾಂಪಿಂಗ್ ಆಗಿ, ಅದರ ಅವಧಿ ಇನ್ನೂ ಉಳಿದಿತ್ತು. ಮಗಳು ತನ್ವಿ ಇಲ್ಲೇ ಹುಟ್ಟಿದವಳು, ಅವಳದು ಅಮೆರಿಕದ ನೀಲಿ ಪಾಸ್‌ಪೋರ್ಟು, ಅವಳಿಗೆ ಯಾವುದೂ ಬೇಡ. ಮುಂದಿನ ವರ್ಷ ಕಾಲೇಜಿಗೆ ಹೊರಟುಹೋಗುತ್ತಾಳೆ, ಅಷ್ಟರೊಳಗೆ ಮೂವರೂ ಎಲ್ಲಿಗಾದರೂ ಹೋಗಿಬರಬೇಕೆಂದು ಸುಮಾ ಹಟ ಹಿಡಿದಿದ್ದಳು. ನಾನು ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಿ, ಆಗಲಿ ಎಂದೆ.

ಯುರೋಪಿನ ವೀಸಾಕ್ಕೆ ಅಟ್ಲಾಂಟಾದಲ್ಲಿ ಬೇಸಿಗೆ ಮುಗಿಯುವವರೆಗೂ ಅಪಾಯಿಂಟ್‌ಮೆಂಟ್ ಸಿಗಲಿಲ್ಲ, ವಾಷಿಂಗ್ಟನ್‌ನಲ್ಲಿ ಸಿಕ್ಕಿತು. ಒಂದು ದಿನದಲ್ಲಿ ಮುಗಿಯುವ ದೇಶ ನೋಡಲು ಎರಡು ಕ್ಯಾರೊಲಿನಾಗಳನ್ನೂ ವರ್ಜೀನಿಯಾವನ್ನೂ ದಾಟಿ ಡ್ರೈವ್ ಮಾಡಿಕೊಂಡು ಹೊರಟೆವು. ದಾರಿಯಲ್ಲಿ ಷಾರ್ಲಟ್‌ನ ಪಾಟೀಲರ ಮನೆಯಲ್ಲಿ ಊಟ. ಪಾಟೀಲರು ಧಾರವಾಡದವರು, ಹೃದಯದ ಡಾಕ್ಟರು, ಎಂದೋ ಅಮೆರಿಕದ ಪ್ರಜೆಯಾದವರು. ಪ್ರಜೆಯಾದವರು ನಮ್ಮ ವೀಸಾದ ಕಷ್ಟಗಳನ್ನು ಕೇಳುವಾಗ, ಈಜಿ ದಡ ಸೇರಿದವರು ಮೈ ಒರೆಸಿಕೊಳ್ಳುತ್ತ ನದಿಯತ್ತ ನೋಡುವ ಹಾಗೆ ನೋಡುತ್ತಾರೆ. ಪಾಟೀಲರು ಫೋನಿನಲ್ಲಿ ಭೂಪಟ ತೆರೆದು, ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ಕೊನೆಗೆ ಆ ದೇಶವನ್ನು ಹಿಡಿದರು. "ಅಲ್ರೀ ಸರ, ನಮ್ಮ ಕಾಕಾನ ಹೊಲಾನ ಇದಕ್ಕಿಂತ ದೊಡ್ಡದೈತಿ" ಎಂದರು. "ನೋಡಾಕ ಒಂದ್ ದಿನ, ವೀಸಾಕ್ಕ ಎರಡ್ ದಿನ ಕಾರ್ ಹೊಡಿಯೂದು. ನಿಮ್ದು ಬಿ.ಪಿ. ಎಷ್ಟೈತಿ ಒಮ್ಮೆ ನೋಡೂಣೇನು?" ನಾನು ನಕ್ಕೆ. ಅವರು ನಿಜವಾಗಿಯೂ ಬಿ.ಪಿ. ನೋಡಿದರು. ಸರಿಯಾಗಿತ್ತು. ಆಗ ಸರಿಯಾಗಿತ್ತೆಂಬುದಕ್ಕೆ ಸಾಕ್ಷಿ ಇದೆ ಎಂಬ ಕಾರಣಕ್ಕೆ ಇದನ್ನು ಹೇಳುತ್ತಿದ್ದೇನೆ.

ವಾಷಿಂಗ್ಟನ್‌ನ ಆ ಕಚೇರಿಯಲ್ಲಿ ನನ್ನ ಫೈಲಿನ ಅರ್ಧವನ್ನು ಬೇಡವೆಂದು ವಾಪಸು ಕೊಟ್ಟರು. ನನ್ನ ತಪ್ಪೇನಿಲ್ಲ. ಓದಲು ಅಮೆರಿಕಕ್ಕೆ ಬರುವಾಗ ಭಾರತಕ್ಕೆ ಖಂಡಿತ ಮರಳುತ್ತೇನೆಂದು ರುಜುವಾತು ಕೊಟ್ಟಿದ್ದೆ. ಈಗ ಯುರೋಪಿಗೆ ಹೋಗಲು ಅಮೆರಿಕಕ್ಕೆ ಖಂಡಿತ ಮರಳುತ್ತೇನೆಂದು ರುಜುವಾತು ಕೊಡಬೇಕಾಗಿತ್ತು. ಮನೆಯ ಸಾಲದ ಕಾಗದ, ಸಂಬಳದ ಚೀಟಿಗಳು, ಮಗಳ ಮಾರ್ಕ್ಸ್ ಕಾರ್ಡು, ಮದುವೆಯ ಫೋಟೋ ಎಲ್ಲ ಇಟ್ಟಿದ್ದೆ. ಕೌಂಟರಿನ ಹುಡುಗಿ ಮದುವೆಯ ಫೋಟೋ ನೋಡಿ, ಇದು ಚೆನ್ನಾಗಿದೆ, ಆದರೆ ಬೇಡ ಎಂದಳು. ವೀಸಾ ಬಂತು. ಫೈಲನ್ನು ಮಾತ್ರ ನಾನು ಬಿಡಲಿಲ್ಲ. ಅದು ನನ್ನ ಬೆನ್ನಿನ ಚೀಲದಲ್ಲಿ ಅಟ್ಲಾಂಟಾದಿಂದ ಜ್ಯೂರಿಕ್‌ಗೆ ಹಾರಿ, ಅಲ್ಲಿಂದ ರೈಲಿನಲ್ಲಿ ಸಾರ್ಗನ್ಸ್ ಎಂಬ ಊರಿಗೆ ಬಂದು, ಹಸಿರು ಬಸ್ಸು ಹತ್ತಿತು. ಬಸ್ಸು ನದಿ ದಾಟುವಾಗ ನಾನು ಪಾಸ್‌ಪೋರ್ಟುಗಳನ್ನು ಬೀಸಣಿಗೆಯಂತೆ ಬಿಚ್ಚಿ ಹಿಡಿದು ಕೂತಿದ್ದೆ. ಯಾರೂ ಹತ್ತಲಿಲ್ಲ, ಯಾರೂ ನೋಡಲಿಲ್ಲ. ಸೇತುವೆಯ ಆಚೆ ದೇಶ ಬದಲಾಗಿತ್ತು, ಹಸುಗಳು ಬದಲಾಗಿರಲಿಲ್ಲ. ಇಷ್ಟು ಸುಲಭವಾಗಿ ಒಂದು ದೇಶದೊಳಕ್ಕೆ ಬಂದದ್ದು ನನಗೆ ಸರಿ ಕಾಣಲಿಲ್ಲ. ಏನೋ ಒಂದು ಕೆಲಸ ಬಾಕಿ ಉಳಿದಂತೆ ಅನಿಸುತ್ತಲೇ ಇತ್ತು.

ಆ ಮನಸ್ಥಿತಿಯಲ್ಲೇ ವಾಡುಟ್ಸ್‌ನ ಮುಖ್ಯ ಬೀದಿಯಲ್ಲಿ ನಡೆಯುತ್ತಿದ್ದಾಗ, ಒಂದು ಗಾಜಿನ ಕಚೇರಿಯೊಳಗೆ ಸಾಲು ಕಾಣಿಸಿತು. ಸಾಲಿನ ತುದಿಯಲ್ಲಿ ಕೌಂಟರು, ಕೌಂಟರಿನ ಹಿಂದೆ ಕನ್ನಡಕದ ಒಬ್ಬ ಹೆಂಗಸು, ಅವಳ ಕೈಯಲ್ಲಿ ಮೊಹರು, ಮುಂದೆ ಯಾರದೋ ತೆರೆದ ಪಾಸ್‌ಪೋರ್ಟು. ನಾನು ಯೋಚಿಸಿ ಮುಂದಿನ ಹೆಜ್ಜೆ ಇಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಪಾಸ್‌ಪೋರ್ಟಿಗೆ ಮೊಹರು ಒತ್ತುವವರನ್ನು ಕಂಡರೆ ನನ್ನ ಕಾಲುಗಳು ತಾವಾಗಿಯೇ ಸಾಲಿನಲ್ಲಿ ನಿಲ್ಲುತ್ತವೆ. ನಿಂತೆ. ನನ್ನ ಮುಂದೆ ನ್ಯೂಜೆರ್ಸಿಯಿಂದ ಬಂದ ಒಂದು ತೆಲುಗು ಸಂಸಾರವಿತ್ತು. ಆ ಯಜಮಾನರ ಕಂಕುಳಲ್ಲೂ ಒಂದು ಫೈಲಿತ್ತು. ನಾವಿಬ್ಬರೂ ಒಬ್ಬರ ಫೈಲನ್ನೊಬ್ಬರು ನೋಡಿ, ಸರಿಯಾದ ಜಾಗಕ್ಕೇ ಬಂದಿದ್ದೇವೆಂದು ತಲೆಯಾಡಿಸಿದೆವು. ಸುಮಾ ನನ್ನ ಹಿಂದೆ, ಅವಳ ಹಿಂದೆ ತನ್ವಿ. "ಅಪ್ಪಾ, ದಿಸ್ ಇಸ್ ದ ಟೂರಿಸ್ಟ್ ಆಫೀಸ್" ಎಂದು ತನ್ವಿ ಹೇಳಿದ್ದು ನನಗೆ ಕೇಳಿಸಿತು. ಟೂರಿಸ್ಟ್ ವೀಸಾದವರು ಟೂರಿಸ್ಟ್ ಆಫೀಸಿಗಲ್ಲದೆ ಇನ್ನೆಲ್ಲಿಗೆ ಹೋಗಬೇಕು ಎಂದು ನಾನು ಅವಳಿಗೆ ವಿವರಿಸಿದೆ.

ನನ್ನ ಸರದಿ ಬಂತು. ಗುಡ್ ಮಾರ್ನಿಂಗ್ ಹೇಳಿ, ಪಾಸ್‌ಪೋರ್ಟು ಕೊಟ್ಟು, ಕೇಳುವ ಮೊದಲೇ ಕೆಲಸ ಏನು, ಎಷ್ಟು ವರ್ಷದಿಂದ, ಎಲ್ಲಿ ಉಳಿದಿದ್ದೇವೆ, ಯಾವಾಗ ಹಿಂತಿರುಗುತ್ತೇವೆ ಎಂದೆಲ್ಲ ಹೇಳಿ, ಕೆಲಸದ ಪತ್ರವನ್ನು ಕೌಂಟರಿನ ಮೇಲಿಟ್ಟೆ. ಆಕೆ ಪತ್ರವನ್ನು ಓದಲಿಲ್ಲ, ನನ್ನ ಮುಖವನ್ನು ಓದಿದಳು. ಆಮೇಲೆ ಬಹಳ ಮೆಲ್ಲಗೆ, ಇದು ಗಡಿ ತನಿಖೆಯಲ್ಲ, ಪ್ರವಾಸಿಗರ ನೆನಪಿಗೆಂದು ಹಾಕುವ ಮುದ್ರೆ, ಇದಕ್ಕೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ, ಒಂದಿಷ್ಟು ಫ್ರಾಂಕು ಕೊಟ್ಟರೆ ಹಾಕುತ್ತೇನೆ, ಬೇಡದಿದ್ದರೆ ಬೇಡ ಎಂದಳು. ನನಗೆ ಚೆನ್ನಾಗಿ ಅರ್ಥವಾಯಿತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ಇದೇ ಮುಖ್ಯವಾಯಿತು. ಪಾಸ್‌ಪೋರ್ಟನ್ನು ವಾಪಸು ತೆಗೆದುಕೊಂಡು ಹೊರಗೆ ಬರಬಹುದಿತ್ತು. ಅಷ್ಟರಲ್ಲಿ ಆಕೆ ಹಾಳೆಗಳನ್ನು ಮಗುಚುತ್ತ ಕೇಳಿದಳು, "ಯಾವ ಪುಟದಲ್ಲಿ ಹಾಕಲಿ?"

ಇಷ್ಟು ವರ್ಷಗಳಲ್ಲಿ ಎಷ್ಟೋ ಕೌಂಟರುಗಳ ಮುಂದೆ ನಿಂತಿದ್ದೇನೆ. ಗಾಜಿನ ತೂತಿಗೆ ಕಿವಿಯಿಟ್ಟು ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹೇಳಿದ್ದೇನೆ. ಯಾವ ಪುಟ ಎಂದು ನನ್ನನ್ನು ಕೇಳಿದವರು ಯಾರೂ ಇರಲಿಲ್ಲ. ನಾನು ಒಂದು ಖಾಲಿ ಪುಟ ತೋರಿಸಿದೆ. ಆಕೆ ಮೊಹರನ್ನು ಮಸಿಗೆ ಒತ್ತಿ, ಪುಟದ ನಡುವೆ, ಓರೆಯಾಗದಂತೆ, ನಿಧಾನವಾಗಿ ಒತ್ತಿದಳು. ಪುಟ್ಟ ಕಿರೀಟ, ಕೆಳಗೆ ದೇಶದ ಹೆಸರು. ಚೆನ್ನಾಗಿತ್ತು.

ಆ ಸಂತೋಷ ಮಸಿ ಆರುವವರೆಗೆ ಉಳಿಯಿತು. ಮಸಿ ಆರುತ್ತಿದ್ದಂತೆ ನನ್ನ ವೃತ್ತಿಬುದ್ಧಿ ಎಚ್ಚರವಾಯಿತು. ಅಧಿಕಾರಿಯಲ್ಲದವರು ಅಧಿಕೃತ ಪುಸ್ತಕದಲ್ಲಿ ಮುದ್ರೆ ಒತ್ತಿದ್ದಾರೆ. ಅಟ್ಲಾಂಟಾದಲ್ಲಿ ಪುಟ ತಿರುವುವ ಅಧಿಕಾರಿ ಇದನ್ನು ನೋಡಿ, ಪಾಸ್‌ಪೋರ್ಟು ಕೆಡಿಸಿದ್ದೀರಿ, ಇದು ನಡೆಯುವುದಿಲ್ಲ ಎಂದರೆ? ಮನೆ ಅಲ್ಲಿ, ಕೆಲಸ ಅಲ್ಲಿ, ಎಷ್ಟೋ ವರ್ಷಗಳಿಂದ ಗ್ರೀನ್ ಕಾರ್ಡಿಗೆಂದು ಕಾಯುತ್ತಿರುವ ಸರದಿ ಅಲ್ಲಿ, ಮಗಳ ಕೊನೆಯ ವರ್ಷದ ಸ್ಕೂಲು ಅಲ್ಲಿ. ಹಿಂತಿರುಗಿ ನೋಡಿದರೆ ಸುಮಾ ಕೌಂಟರಿನಲ್ಲಿ ತನ್ನ ಪಾಸ್‌ಪೋರ್ಟು ತೆರೆದು ಹಿಡಿದಿದ್ದಳು, ಮೊಹರು ಮಸಿಗೆ ಇಳಿಯುತ್ತಿತ್ತು. ನಾನು ನಡುವೆ ನುಗ್ಗಿ ಪಾಸ್‌ಪೋರ್ಟನ್ನು ಎಳೆದುಕೊಂಡೆ. "ಬೇಡ ಸುಮಾ, ಬೇಡ. ಒಬ್ರು ಸಿಕ್ಕಿಹಾಕಿಕೊಂಡಿದ್ದು ಸಾಕು" ಎಂದೆ. ಕೌಂಟರಿನ ಹೆಂಗಸಿನ ಮೊಹರು ಗಾಳಿಯಲ್ಲೇ ನಿಂತಿತು. ಸುಮಾ ಪಾಸ್‌ಪೋರ್ಟನ್ನು ನನ್ನಿಂದ ತೆಗೆದುಕೊಂಡು ಕೈಚೀಲಕ್ಕೆ ಹಾಕಿಕೊಂಡಳು. ತನ್ವಿ ಮುಂದೆ ಬಂದು, ಥ್ಯಾಂಕ್ ಯೂ ಎಂದು, ತನ್ನ ನೀಲಿ ಪುಸ್ತಕದಲ್ಲಿ ಹಾಕಿಸಿಕೊಂಡಳು.

ಮಿಕ್ಕ ದೇಶವನ್ನು ನಾನು ನೋಡಿದ್ದು ಅಂಗಿಯ ಒಳಜೇಬನ್ನು ಒತ್ತಿ ಹಿಡಿದುಕೊಂಡೇ. ದ್ರಾಕ್ಷಿ ತೋಟ ನೋಡಿದೆವು, ಕೋಟೆಯ ಬಾಗಿಲಿನವರೆಗೆ ಹತ್ತಿದೆವು. ನದಿಗೆ ಒಂದು ಹಳೆಯ ಮರದ ಸೇತುವೆ ಇದೆ, ಅದರ ನಟ್ಟನಡುವೆ ಗಡಿ. ತಾಯಿ ಮಗಳು ಆಚೆಯ ಸ್ವಿಟ್ಜರ್ಲೆಂಡಿಗೆ ನಡೆದು ಹೋಗಿ ಐಸ್ ಕ್ರೀಂ ತಿನ್ನುತ್ತ ವಾಪಸು ಬಂದರು. ನಾನು ಈಚೆ ದಡದಲ್ಲೇ ನಿಂತು, ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವ ಎಚ್ಚರಿಕೆಗಳನ್ನೆಲ್ಲ ಓದಿದೆ. ಕಂಪನಿಯ ಲಾಯರಿಗೆ ಫೋನ್ ಮಾಡಿದೆ. ಆತ ಕೇಳಿ, ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಆಗುವುದೇ ಇಲ್ಲ ಎಂದು ತಾನು ಹೇಳಲಾರೆ, ಅವರು ಕೇಳದಿದ್ದರೆ ನೀವು ಬಾಯಿ ಬಿಡಬೇಡಿ, ಕೇಳಿದರೆ ಗಡಿಯ ಮುದ್ರೆಯೆಂದು ತಪ್ಪು ತಿಳಿದು ಹಾಕಿಸಿಕೊಂಡೆ ಎನ್ನಿ ಎಂದ. ಪಾಟೀಲರಿಗೂ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿ, "ಒಂದ್ ಮುದ್ರಿ ಬಿತ್ತಂತ ಜೀವ ಯಾಕ್ ಬಿಡ್ತೀರಿ ಸರ? ಒಳಗ ಬಿಡಲಿಲ್ಲಂದ್ರ ಅಲ್ಲೇ ಇರ್ರಿ. ರಾಜಾ ಗುಡ್ಡದ ಮ್ಯಾಲೇ ಇದ್ದಾನ, ಒಂದ್ ಮಾತ್ ಕೇಳ್ರಿ" ಎಂದರು. ಬಿ.ಪಿ. ಬಗ್ಗೆ ಈ ಸಲ ಏನೂ ಕೇಳಲಿಲ್ಲ.

ಅಟ್ಲಾಂಟಾದ ವಿಮಾನ ನಿಲ್ದಾಣದಲ್ಲಿ ಇಳಿದಾಗ ನಾನು ಲಾಯರು ಹೇಳಿಕೊಟ್ಟ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ತನ್ವಿ ಪ್ರಜೆಗಳ ಸಾಲಿನಲ್ಲಿ ಹೋಗಿ ಆಚೆ ನಿಂತು ಕೈಬೀಸಿದಳು. ನಾನೂ ಸುಮಾಳೂ ನಮ್ಮ ಸಾಲಿನಲ್ಲಿ ಕಾದು ಅಧಿಕಾರಿಯ ಮುಂದೆ ನಿಂತೆವು. ಆತ ದಪ್ಪನೆಯ, ನಿದ್ದೆಗೆಟ್ಟ ಮುಖದ ಮನುಷ್ಯ. ಮೊದಲು ಸುಮಾಳ ಪಾಸ್‌ಪೋರ್ಟು ನೋಡಿ ಪಕ್ಕಕ್ಕಿಟ್ಟ. ನನ್ನದನ್ನು ತಿರುವಿದ. ಒಂದು ಪುಟದಲ್ಲಿ ಅವನ ಹೆಬ್ಬೆರಳು ನಿಂತಿತು. ಪುಸ್ತಕವನ್ನು ದೀಪದ ಕಡೆಗೆ ತಿರುಗಿಸಿದ. ಪಕ್ಕದ ಕೌಂಟರಿನವನನ್ನು ಕರೆದು ತೋರಿಸಿದ. ಇಬ್ಬರೂ ತಲೆ ಬಗ್ಗಿಸಿ ನೋಡುತ್ತಿದ್ದಾಗ ಸುಮಾ ನನ್ನ ತೋಳನ್ನು ಹಿಡಿದುಕೊಂಡಳು. ಇದೇನು ಎಂದು ಆತ ಕೇಳಿದ. ಪ್ರವಾಸಿಗರ ಕಚೇರಿಯ ಮುದ್ರೆ ಎಂದೆ. ದುಡ್ಡು ಕೊಟ್ಟಿರಾ ಎಂದ. ಕೊಟ್ಟೆ ಎಂದೆ. ಆಗ ಆತ ತಲೆಯೆತ್ತಿ ನೇರವಾಗಿ ನೋಡುತ್ತ ಕೇಳಿದ, "ಬೇಕು ಅಂತಲೇ ಹಾಕಿಸಿಕೊಂಡಿರಾ?"

ಲಾಯರು ಹೇಳಿಕೊಟ್ಟ ವಾಕ್ಯ ನಾಲಗೆಯ ತುದಿಯಲ್ಲಿತ್ತು. ಆದರೆ ಆ ಹೆಂಗಸು ವಿವರಿಸಿದ್ದಳು, ನನಗೆ ಅರ್ಥವಾಗಿತ್ತು, ಪುಟವನ್ನು ನಾನೇ ತೋರಿಸಿದ್ದೆ. ನೋಡಿದ್ದನ್ನು ನೋಡಿದ ಹಾಗೆ ಬರೆದುಕೊಡುವ ಕೆಲಸ ಮಾಡಿ ಮಾಡಿ ಕೆಟ್ಟುಹೋದವನು ನಾನು. "ಹೌದು ಸರ್, ಬೇಕು ಅಂತಲೇ" ಎಂದೆ. "ಯಾವ ಪುಟದಲ್ಲಿ ಹಾಕಲಿ ಅಂತ ಕೇಳಿದರು. ಅದಕ್ಕೆ."

ಆತ ಇನ್ನೊಮ್ಮೆ ಮುದ್ರೆಯನ್ನು ನೋಡಿದ. ಪಕ್ಕದವನು ಏನೋ ಗೊಣಗಿ ನಕ್ಕು ತನ್ನ ಜಾಗಕ್ಕೆ ಹೋದ. ನಮ್ಮ ಅಧಿಕಾರಿ ಬೆರಳಚ್ಚು ತೆಗೆದುಕೊಂಡು, ಎರಡೂ ಪುಸ್ತಕಗಳನ್ನು ಜೋಡಿಸಿ ನನ್ನ ಕಡೆ ದೂಡಿ, ಒಳ್ಳೆಯ ಪುಟ ಆರಿಸಿದ್ದೀರಿ, ಹೋಗಿಬನ್ನಿ ಎಂದ. ಅಷ್ಟೇ. ಮನೆ, ಕೆಲಸ, ಸ್ಕೂಲು ಎಲ್ಲ ಇದ್ದಲ್ಲೇ ಉಳಿದವು.

ಸೂಟ್‌ಕೇಸುಗಳಿಗೆ ಕಾಯುತ್ತ ನಿಂತಾಗ ನಾನು ಗೆದ್ದವನ ಹಾಗೆ ಮಾತಾಡುತ್ತಿದ್ದೆ. ಲಾಯರು ಹೇಳಿದ್ದನ್ನು ಕೇಳಲಿಲ್ಲ, ನಿಜ ಹೇಳಿದೆ, ನಿಜಕ್ಕೆ ಯಾರೂ ಏನೂ ಮಾಡುವುದಿಲ್ಲ ಎಂದೆಲ್ಲ ಹೇಳಿದೆ. ಸುಮಾ ತಿರುಗುವ ಬೆಲ್ಟನ್ನೇ ನೋಡುತ್ತಿದ್ದಳು. "ಇಷ್ಟು ಧೈರ್ಯ ಇತ್ತಲ್ಲ ನಿಮಗೆ, ಆವತ್ತು ಯಾಕೆ ನನ್ನ ಪಾಸ್‌ಪೋರ್ಟ್ ಕಿತ್ಕೊಂಡ್ರಿ?" ಎಂದಳು.

ನಿನ್ನ ಒಳ್ಳೆಯದಕ್ಕೇ ಎಂದೆ.

"ನನ್ನ ವೀಸಾಗಳನ್ನ ಒಂದ್ಸಲ ತೆಗೆದು ನೋಡಿ" ಎಂದಳು. "ಎಲ್ಲದರ ಕೆಳಗೂ ನಿಮ್ಮ ಹೆಸರು. ಇವರ ಹೆಂಡತಿ, ಇವರ ಜೊತೆಗೆ ಬಂದೋಳು. ಅಲ್ಲಿ ಆ ಹೆಂಗಸು ಯಾರ ಹೆಂಡತಿ ಅಂತ ಕೇಳ್ತಿರಲಿಲ್ಲ. ನಾನು ಪುಟಾನೂ ಆರಿಸಿಟ್ಕೊಂಡಿದ್ದೆ ಕಣ್ರೀ."

ಸೂಟ್‌ಕೇಸು ಬಂತು. ಅದು ನಮ್ಮದೆಂದು ಗೊತ್ತಿದ್ದೂ ಎತ್ತಿಕೊಳ್ಳದೆ ನಿಂತೆ. ಅದು ಇನ್ನೊಂದು ಸುತ್ತು ಹೋಗಿ ಬಂತು. ಅಷ್ಟು ವರ್ಷ ಆ ಪುಸ್ತಕಗಳ ಅವಧಿ, ಪುಟ, ಅಂಚು ಎಲ್ಲವನ್ನೂ ಪರೀಕ್ಷಿಸಿದ್ದೆ, ನನ್ನ ಹೆಸರು ಎಷ್ಟು ಕಡೆ ಇದೆ ಎಂದು ನೋಡಿರಲಿಲ್ಲ.

ಆದ್ದರಿಂದ ಪೂರ್ತಿ ನೋಡಿ ಮುಗಿಸಿದ ದೇಶಕ್ಕೆ ನಾವು ಮತ್ತೆ ಹೊರಟಿದ್ದೇವೆ. ಕಳೆದ ವಾರ ವಾಷಿಂಗ್ಟನ್‌ಗೆ ಹೋಗಿಬಂದೆವು, ಈ ಸಲ ಡ್ರೈವ್ ಮಾಡಿದ್ದು ಸುಮಾ. ಅವಳಿಗೆ ಕೆಲಸದ ಪರವಾನಗಿ ಬಂದು ಹಲ್ಲಿನ ಡಾಕ್ಟರೊಬ್ಬರ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಳೆ, ಖರ್ಚು ಅವಳದೇ. ಕೌಂಟರಿನಲ್ಲಿ ಕೂತಿದ್ದ ಯುವಕ ಅವಳ ಅರ್ಜಿಯನ್ನು ಓದಿ ನಗುತ್ತ ತೆಗೆದಿಟ್ಟುಕೊಂಡು, ನನ್ನದನ್ನು ಎತ್ತಿಕೊಂಡ. ಈ ದೇಶವನ್ನು ಈಗಾಗಲೇ ನೋಡಿದ್ದೀರಲ್ಲ, ಇಷ್ಟು ಬೇಗ ಮತ್ತೆ ಹೋಗಲು ನಿಮಗೇನು ಕಾರಣ ಎಂದು ಕೇಳಿದ. ನನ್ನ ಬಳಿ ಯಾವ ಫೈಲೂ ಇರಲಿಲ್ಲ. ಸುಮಾಳ ಕಡೆ ಕೈತೋರಿಸಿ, "ಇವರ ಗಂಡ ಸರ್" ಎಂದೆ. "ಇವರ ಜೊತೆಗೆ ಬಂದೋನು."